ಉದ್ಯಮ ಬದಲಿಸುವ ಕಾರ್ಮಿಕರು ಮತ್ತು ಉತ್ಪಾದಕತೆಯ ಲೆಕ್ಕ

ಸಣ್ಣ ಕೈಗಾರಿಕೋದ್ಯಮಿಗಳ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ದೂರು ಒಂದಿದೆ: ಕೆಲಸಗಾರರು ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ. ಲೇತ್ ಯಂತ್ರದ ಮುಂದೆ ಎರಡು ವರ್ಷ ಪಳಗಿದ ಯುವಕ ಒಂದು ದಿನ ಕೆಲಸ ಬಿಟ್ಟು, ಮನೆಮನೆಗೆ ಸರಕು ತಲುಪಿಸುವ ಉದ್ಯೋಗಕ್ಕೆ ಸೇರುತ್ತಾನೆ. ಅಂಗಡಿಯ ಗುಮಾಸ್ತ ಕಟ್ಟಡ ಗುತ್ತಿಗೆದಾರನ ಬಳಿಗೆ ಹೋಗುತ್ತಾನೆ. ಇದೇ ಕಾಲದಲ್ಲಿ ದೇಶದ ದುಡಿಯುವ ಜನರಲ್ಲಿ ನೂರಕ್ಕೆ 46 ಮಂದಿ ಕೃಷಿಯಲ್ಲಿಯೇ ಇದ್ದಾರೆಂದು 2023-24ರ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ ತಿಳಿಸುತ್ತದೆ. ಅವರೆಲ್ಲರ ದುಡಿಮೆಯಿಂದ ಬರುವ ಮೌಲ್ಯವಾದರೋ ದೇಶದ ಒಟ್ಟು ಮೌಲ್ಯವರ್ಧನೆಯಲ್ಲಿ ಸುಮಾರು ಶೇ. 18 ಮಾತ್ರ.

ಒಂದೆಡೆ ದುಡಿಯುವ ಕೈಗಳ ಕೊರತೆ, ಇನ್ನೊಂದೆಡೆ ಅವುಗಳ ದಟ್ಟಣೆ. ಕಾರ್ಮಿಕರು ಒಂದು ಉದ್ಯಮದಿಂದ ಇನ್ನೊಂದಕ್ಕೆ ಸಾಗುವುದರಿಂದ ದೇಶದ ಉತ್ಪಾದಕತೆ ಹೆಚ್ಚುವುದೇ? ಹೆಚ್ಚುವುದಾದರೆ ಎಷ್ಟು, ಯಾವಾಗ? ಈ ಪ್ರಶ್ನೆ ಅರ್ಥಶಾಸ್ತ್ರಜ್ಞರಿಗೆ ಮಾತ್ರ ಸೇರಿದ್ದಲ್ಲ. ನಾಳೆ ಕೊಡಬೇಕಾದ ಕೂಲಿ ಎಷ್ಟು, ಆ ಕೂಲಿಯನ್ನು ತನ್ನ ಘಟಕ ತಾಳಿಕೊಳ್ಳಬಲ್ಲುದೇ ಎಂಬ ಉದ್ಯಮಿಯ ಚಿಂತೆಗೂ ಇದಕ್ಕೂ ನೇರ ಸಂಬಂಧವಿದೆ.

ಉತ್ಪಾದಕತೆ ಎಂದರೆ ಏನು?

ಶ್ರಮದ ಉತ್ಪಾದಕತೆ ಎಂದರೆ ಒಬ್ಬ ದುಡಿಮೆಗಾರ ಒಂದು ವರ್ಷದಲ್ಲಿ ಸೇರಿಸುವ ಮೌಲ್ಯ. ಮಾರಾಟದ ಮೊತ್ತವೆಲ್ಲವೂ ಮೌಲ್ಯವಲ್ಲ. ಕಚ್ಚಾಮಾಲು, ವಿದ್ಯುತ್ತು, ಹೊರಗೆ ಮಾಡಿಸಿದ ಜಾಬ್‌ವರ್ಕ್ ಇವುಗಳ ವೆಚ್ಚವನ್ನು ಕಳೆದು ಉಳಿದದ್ದೇ ಮೌಲ್ಯವರ್ಧನೆ. ಕೂಲಿ, ಬಾಡಿಗೆ, ಬಡ್ಡಿ, ಯಂತ್ರದ ಸವಕಳಿ, ಲಾಭ ಎಲ್ಲವೂ ಈ ಒಂದೇ ಗಂಟಿನಿಂದ ಹೊರಬರಬೇಕು.

ದೇಶದ ಸರಾಸರಿ ಉತ್ಪಾದಕತೆ ಎರಡು ದಾರಿಗಳಿಂದ ಏರುತ್ತದೆ. ಪ್ರತಿಯೊಂದು ಕಸುಬಿನ ಒಳಗೆ ಸುಧಾರಣೆಯಾಗುವುದು ಮೊದಲನೆಯದು: ಉತ್ತಮ ಬೀಜ, ಹೊಸ ಯಂತ್ರ, ಒಳ್ಳೆಯ ತರಬೇತಿ. ಯಾವ ಕಸುಬಿನಲ್ಲಿಯೂ ಏನೂ ಬದಲಾಗದಿದ್ದರೂ, ಕಡಿಮೆ ಮೌಲ್ಯದ ಕೆಲಸದಲ್ಲಿದ್ದವರು ಹೆಚ್ಚಿನ ಮೌಲ್ಯದ ಕೆಲಸಕ್ಕೆ ಸಾಗುವುದು ಎರಡನೆಯದು. ಇದನ್ನು ಅರ್ಥಶಾಸ್ತ್ರದಲ್ಲಿ ರಚನಾತ್ಮಕ ಬದಲಾವಣೆ ಎಂದು ಕರೆಯುತ್ತಾರೆ.

ಒಂದು ಸರಳ ಲೆಕ್ಕ

ನೂರು ಮಂದಿ ದುಡಿಯುವ ಒಂದು ಪ್ರದೇಶವನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಅವರಲ್ಲಿ 60 ಮಂದಿ ಕೃಷಿಯಲ್ಲಿದ್ದು, ತಲಾ ರೂ. 1 ಲಕ್ಷ ಮೌಲ್ಯ ಸೇರಿಸುತ್ತಾರೆ. ಉಳಿದ 40 ಮಂದಿ ಕೃಷಿಯೇತರ ಉದ್ಯೋಗಗಳಲ್ಲಿದ್ದು ತಲಾ ರೂ. 4 ಲಕ್ಷ ಸೇರಿಸುತ್ತಾರೆ. ಒಟ್ಟು ರೂ. 220 ಲಕ್ಷ, ಸರಾಸರಿ ರೂ. 2.20 ಲಕ್ಷ.

ಹತ್ತು ವರ್ಷಗಳಲ್ಲಿ ಎರಡೂ ಕಡೆ ಉತ್ಪಾದಕತೆ ಶೇ. 20ರಷ್ಟು ಏರಿ ಕ್ರಮವಾಗಿ ರೂ. 1.20 ಲಕ್ಷ ಮತ್ತು ರೂ. 4.80 ಲಕ್ಷ ಆಯಿತು. ಜೊತೆಗೆ ಹತ್ತು ಮಂದಿ ಕೃಷಿಯನ್ನು ಬಿಟ್ಟು ಬಂದರು. ಈಗ ಎರಡೂ ಕಡೆ ಐವತ್ತು ಐವತ್ತು. ಒಟ್ಟು ಮೌಲ್ಯ ರೂ. 300 ಲಕ್ಷ, ಸರಾಸರಿ ರೂ. 3 ಲಕ್ಷ. ಅಂದರೆ ತಲಾ ರೂ. 80,000 ಹೆಚ್ಚಳ.

ಈ ಹೆಚ್ಚಳವನ್ನು ಮೂರು ಪಾಲಾಗಿ ಬಿಡಿಸಬಹುದು. ಒಬ್ಬರೂ ಜಾಗ ಬದಲಿಸದೆ ಇದ್ದಿದ್ದರೂ ರೂ. 44,000 ಹೆಚ್ಚುತ್ತಿತ್ತು, ಇದು ಕಸುಬಿನೊಳಗಿನ ಸುಧಾರಣೆಯ ಫಲ. ಹಳೆಯ ಮಟ್ಟದ ಉತ್ಪಾದಕತೆಯಲ್ಲಿಯೇ ಹತ್ತು ಮಂದಿ ಸ್ಥಾನ ಬದಲಿಸಿದ್ದರಿಂದ ಬಂದದ್ದು ರೂ. 30,000. ಇನ್ನುಳಿದ ರೂ. 6,000 ಎರಡರ ಕೂಡುಫಲ. ತಲಾ ಮೌಲ್ಯದ ಹೆಚ್ಚಳ ರೂಪಾಯಿಗಳಲ್ಲಿ ದೊಡ್ಡದಾಗಿದ್ದ ಕಡೆಗೇ ಜನ ಸಾಗಿದ್ದರಿಂದ ದೊರೆತ ಲಾಭ. ಹತ್ತು ಮಂದಿಯ ಚಲನೆಯೊಂದೇ ಒಟ್ಟು ಹೆಚ್ಚಳದಲ್ಲಿ ರೂ. 36,000ದಷ್ಟು, ಅಂದರೆ ಅರ್ಧಕ್ಕೆ ಸಮೀಪದ ಪಾಲನ್ನು ತಂದಿತು.

ವಾಸ್ತವದಲ್ಲಿ ಈ ಲಾಭ ಇನ್ನೂ ಹೆಚ್ಚಿರಬಹುದು. ಮೂರು ಎಕರೆ ಮಳೆಯಾಶ್ರಿತ ಹೊಲದಲ್ಲಿ ನಾಲ್ವರು ಸಹೋದರರು ದುಡಿಯುತ್ತಿದ್ದು, ಅವರಲ್ಲಿ ಒಬ್ಬ ಪಟ್ಟಣಕ್ಕೆ ಹೋದರೆ ಬೆಳೆಯೇನೂ ಕಡಿಮೆಯಾಗುವುದಿಲ್ಲ. ಉಳಿದ ಮೂವರ ಪಾಲು ಹೆಚ್ಚುತ್ತದೆ. ಬೇಸಾಯದಲ್ಲಿ ಮಿಗಿಲಾದ ಇಂತಹ ಶ್ರಮವೇ ಕೈಗಾರಿಕೆಯ ಬೆಳವಣಿಗೆಗೆ ಆಧಾರವೆಂದು ಆರ್ಥರ್ ಲೂಯಿಸ್ 1954ರಲ್ಲಿ ಪ್ರತಿಪಾದಿಸಿದರು. 1979ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಎಲ್ಲಿಗೆ ಹೋದರು ಎಂಬುದೇ ಮುಖ್ಯ

ಮೇಲಿನ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ. ಕೃಷಿ ಬಿಟ್ಟ ಹತ್ತು ಮಂದಿಗೂ ರೂ. 4.80 ಲಕ್ಷ ಮೌಲ್ಯ ಸೇರಿಸುವ ಕೆಲಸವೇ ದೊರೆಯಿತೆಂದು ಅಲ್ಲಿ ಭಾವಿಸಲಾಗಿದೆ. ಅವರು ಬೀದಿ ವ್ಯಾಪಾರಕ್ಕೋ ದಿನಗೂಲಿಗೋ ಸೇರಿ, ತಲಾ ರೂ. 1.30 ಲಕ್ಷವನ್ನಷ್ಟೇ ಸೇರಿಸಿದರೆಂದು ಇಟ್ಟುಕೊಂಡರೆ ಚಿತ್ರವೇ ಬದಲಾಗುತ್ತದೆ. ಒಟ್ಟು ಮೌಲ್ಯ ರೂ. 265 ಲಕ್ಷ, ಸರಾಸರಿ ರೂ. 2.65 ಲಕ್ಷ. ಅದೇ ಹತ್ತು ಮಂದಿಯ ಚಲನೆಯಿಂದ ಮೊದಲು ರೂ. 36,000 ದೊರೆತಿತ್ತು, ಈಗ ದೊರೆತದ್ದು ಬರಿಯ ರೂ. 1,000.

ಇನ್ನೊಂದು ಸಂಗತಿಯೂ ಗಮನಾರ್ಹ. ಈ ಎರಡನೆಯ ಲೆಕ್ಕದಲ್ಲಿ ಕೃಷಿಯೇತರ ವಲಯದ ಸರಾಸರಿ ರೂ. 4.80 ಲಕ್ಷದಿಂದ ರೂ. 4.10 ಲಕ್ಷಕ್ಕೆ ಇಳಿಯುತ್ತದೆ. ಯಾವ ಕಾರ್ಖಾನೆಯೂ ಹಿಂದೆ ಬಿದ್ದಿಲ್ಲ, ಯಾವ ಕೆಲಸಗಾರನೂ ಸೋಮಾರಿಯಾಗಿಲ್ಲ. ಕಡಿಮೆ ಮೌಲ್ಯದ ಕೆಲಸಗಳು ಅದೇ ವಲಯಕ್ಕೆ ಸೇರಿಕೊಂಡಿವೆ, ಅಷ್ಟೆ. ಆದುದರಿಂದ ಒಂದು ವಲಯದ ಸರಾಸರಿ ಇಳಿಯಿತೆಂಬ ಅಂಕಿಯನ್ನು ಕಂಡೊಡನೆ ಆ ವಲಯದ ಉದ್ಯಮಗಳೆಲ್ಲ ಕುಸಿದವೆಂದು ತೀರ್ಮಾನಿಸಲಾಗದು.

ಇತರ ದೇಶಗಳ ಅನುಭವ

ದಕ್ಷಿಣ ಕೊರಿಯಾದಲ್ಲಿ 1963ರಲ್ಲಿ ದುಡಿಯುವವರ ಪೈಕಿ ಶೇ. 63ರಷ್ಟು ಮಂದಿ ಕೃಷಿಯಲ್ಲಿದ್ದರು. 1990ರ ವೇಳೆಗೆ ಆ ಪ್ರಮಾಣ ಶೇ. 18ರ ಆಸುಪಾಸಿಗೆ ಇಳಿಯಿತು. ಹೊಲ ಬಿಟ್ಟವರಿಗೆ ರಫ್ತಿಗಾಗಿ ಬಟ್ಟೆ, ಪಾದರಕ್ಷೆ, ಮುಂದೆ ವಿದ್ಯುನ್ಮಾನ ಸಾಮಗ್ರಿ ತಯಾರಿಸುವ ಕಾರ್ಖಾನೆಗಳು ಕಾದಿದ್ದವು. ಚಲನೆಯೂ ಕಸುಬಿನೊಳಗಿನ ಸುಧಾರಣೆಯೂ ಜೊತೆಜೊತೆಯಾಗಿ ನಡೆದವು.

ಎಲ್ಲ ಕಡೆ ಹೀಗಾಗಲಿಲ್ಲ. ಮಾರ್ಗರೆಟ್ ಮ್ಯಾಕ್‌ಮಿಲನ್ ಮತ್ತು ಡ್ಯಾನಿ ರಾಡ್ರಿಕ್ ಅವರು 2011ರಲ್ಲಿ ಪ್ರಕಟಿಸಿದ ಅಧ್ಯಯನವು 1990ರಿಂದ 2005ರವರೆಗಿನ 38 ದೇಶಗಳ ಅಂಕಿಅಂಶಗಳನ್ನು ಪರಿಶೀಲಿಸಿತು. ಏಷ್ಯಾದ ದೇಶಗಳಲ್ಲಿ ಕಾರ್ಮಿಕರ ಚಲನೆ ಉತ್ಪಾದಕತೆಗೆ ಪೂರಕವಾಗಿತ್ತು. ಲ್ಯಾಟಿನ್ ಅಮೆರಿಕ ಮತ್ತು ಆಫ್ರಿಕಾದಲ್ಲಿ ಅದು ಒಟ್ಟು ಬೆಳವಣಿಗೆಯನ್ನು ಹಿಂದಕ್ಕೆಳೆದಿತ್ತು. ಲ್ಯಾಟಿನ್ ಅಮೆರಿಕದ ಕಾರ್ಖಾನೆಗಳು ಆಮದಿನ ಪೈಪೋಟಿಗೆ ಸಿಲುಕಿ ಯಂತ್ರಗಳನ್ನು ಸುಧಾರಿಸಿದವು, ಆಳುಗಳನ್ನು ಕಡಿಮೆ ಮಾಡಿದವು. ಉಳಿದ ಘಟಕಗಳ ಉತ್ಪಾದಕತೆ ಏರಿತು. ಹೊರಬಿದ್ದವರು ಸಣ್ಣಪುಟ್ಟ ಅಸಂಘಟಿತ ಕೆಲಸಗಳಿಗೆ ಇಳಿದರು. ಘಟಕದ ಲೆಕ್ಕಪುಸ್ತಕದಲ್ಲಿ ಕಂಡ ಲಾಭ ದೇಶದ ಲೆಕ್ಕದಲ್ಲಿ ನಷ್ಟವಾಯಿತು.

ಭಾರತದ ಚಿತ್ರ

ಭಾರತದಲ್ಲಿ 1993-94ರಲ್ಲಿ ಸುಮಾರು ಶೇ. 64ರಷ್ಟಿದ್ದ ಕೃಷಿ ಕಾರ್ಮಿಕರ ಪ್ರಮಾಣ 2011-12ರ ಹೊತ್ತಿಗೆ ಶೇ. 49ಕ್ಕೆ ಇಳಿಯಿತು. 2004-05ರಿಂದ 2011-12ರ ನಡುವೆ ಕೃಷಿಯಲ್ಲಿ ದುಡಿಯುವವರ ಸಂಖ್ಯೆಯೇ ಮೂರು ಕೋಟಿಗಿಂತ ಹೆಚ್ಚು ಕಡಿಮೆಯಾಯಿತು. ಅದೇ ಅವಧಿಯಲ್ಲಿ ಕಟ್ಟಡ ನಿರ್ಮಾಣದಲ್ಲಿ ತೊಡಗಿದವರ ಸಂಖ್ಯೆ ಸುಮಾರು ಎರಡೂವರೆ ಕೋಟಿಯಿಂದ ಐದು ಕೋಟಿಯ ಸಮೀಪಕ್ಕೆ ಏರಿತು. ಹೊಲ ಬಿಟ್ಟವರಲ್ಲಿ ಬಹುಪಾಲು ಜನ ಸೇರಿದ್ದು ಕಾರ್ಖಾನೆಯ ಗೇಟಿನೊಳಕ್ಕಲ್ಲ, ಕಟ್ಟಡದ ಸಾರುವೆಯ ಮೇಲಕ್ಕೆ. ಕೂಲಿಯೇನೋ ಹೆಚ್ಚು ದೊರೆಯಿತು; ಆದರೆ ವರ್ಷದಿಂದ ವರ್ಷಕ್ಕೆ ಕೌಶಲ ಬೆಳೆದು ಮೌಲ್ಯ ಹೆಚ್ಚುವ ಅವಕಾಶ ಅಲ್ಲಿ ಕಡಿಮೆ.

ಆ ಬಳಿಕ ಚಲನೆಯೇ ಹಿಮ್ಮುಖವಾಯಿತು. 2018-19ರಲ್ಲಿ ಶೇ. 42.5ಕ್ಕೆ ಇಳಿದಿದ್ದ ಕೃಷಿಯ ಪಾಲು, ಕೋವಿಡ್ ಲಾಕ್‌ಡೌನ್ ಒಳಗೊಂಡ 2019-20ರಲ್ಲಿ ಶೇ. 45.6ಕ್ಕೂ 2020-21ರಲ್ಲಿ ಶೇ. 46.5ಕ್ಕೂ ಏರಿತು. ಸಾಂಕ್ರಾಮಿಕ ಕಳೆದ ಮೇಲೂ 2023-24ರಲ್ಲಿ ಅದು ಶೇ. 46.1ರಲ್ಲಿಯೇ ಇತ್ತು. ತಯಾರಿಕಾ ವಲಯದ ಪಾಲು ಇದೇ ಅವಧಿಯಲ್ಲಿ ಶೇ. 12.1ರಿಂದ ಶೇ. 11.4ಕ್ಕೆ ಇಳಿಯಿತು. ಪಟ್ಟಣದಿಂದ ಊರಿಗೆ ಮರಳಿದವರು ಮಾತ್ರ ಇದಕ್ಕೆ ಕಾರಣರಲ್ಲ. ಗ್ರಾಮೀಣ ಮಹಿಳೆಯರಲ್ಲಿ ದುಡಿಮೆಗೆ ಇಳಿದವರ ಪ್ರಮಾಣ 2017-18ರಲ್ಲಿ ಶೇ. 24.6 ಇದ್ದದ್ದು 2023-24ರಲ್ಲಿ ಶೇ. 47.6 ಎಂದು ದಾಖಲಾಗಿದೆ. ಅವರಲ್ಲಿ ಹೆಚ್ಚಿನವರು ಮನೆಯ ಹೊಲದಲ್ಲಿ, ಹೈನುಗಾರಿಕೆಯಲ್ಲಿ ದುಡಿಯುವವರು. ಕಾರಣ ಏನೇ ಇರಲಿ, ಹೆಚ್ಚಿದ ಕೈಗಳಿಗೆ ಕೃಷಿಯ ಹೊರಗೆ ಸಾಕಷ್ಟು ಕೆಲಸ ತೆರೆಯಲಿಲ್ಲ ಎಂಬುದು ಸ್ಪಷ್ಟ.

ಬೆಂಗಳೂರಿನ ಹೆಸರನ್ನು ಜಗತ್ತಿಗೆ ಪರಿಚಯಿಸಿದ ಮಾಹಿತಿ ತಂತ್ರಜ್ಞಾನ ಕ್ಷೇತ್ರದಲ್ಲಿ ತಲಾ ಮೌಲ್ಯ ಬಹಳ ಹೆಚ್ಚು. ಆದರೆ ದೇಶಾದ್ಯಂತ ಅದರಲ್ಲಿ ತೊಡಗಿರುವವರು 50 ಲಕ್ಷಕ್ಕಿಂತ ಹೆಚ್ಚು, ಅಷ್ಟೆ. ದುಡಿಯುವ ಜನರಲ್ಲಿ ಶೇ. 1ರಷ್ಟೂ ಇಲ್ಲ. ಹತ್ತನೆಯ ತರಗತಿ ಓದಿ ಹೊಲ ಬಿಡುವ ಯುವಕನಿಗೆ ಆ ಬಾಗಿಲು ತೆರೆದಿಲ್ಲ. ಅವನು ತಲುಪಬಲ್ಲ ಮೊದಲ ಮೆಟ್ಟಿಲು ಸಣ್ಣ ಕಾರ್ಖಾನೆ, ಸಣ್ಣ ಅಂಗಡಿ, ಸಣ್ಣ ಸಾರಿಗೆ ಉದ್ಯಮ.

ಆ ಮೆಟ್ಟಿಲಿನ ಎತ್ತರ ಎಷ್ಟು? ತಯಾರಿಕೆ, ವ್ಯಾಪಾರ ಮತ್ತು ಇತರ ಸೇವೆಗಳಲ್ಲಿನ ಅಸಂಘಟಿತ ಘಟಕಗಳ ಕುರಿತು ಕೇಂದ್ರ ಅಂಕಿಅಂಶ ಸಚಿವಾಲಯ 2023-24ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, 12 ಕೋಟಿ ಮಂದಿಗೆ ಕೆಲಸ ನೀಡಿರುವ ಈ ಘಟಕಗಳಲ್ಲಿ ಒಬ್ಬ ದುಡಿಮೆಗಾರ ವರ್ಷಕ್ಕೆ ಸೇರಿಸುವ ಮೌಲ್ಯ ಸುಮಾರು ರೂ. 1.5 ಲಕ್ಷ. ನೋಂದಾಯಿತ ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆಯಲ್ಲಿ 2022-23ರ ಲೆಕ್ಕದಂತೆ ಅದು ಸುಮಾರು ರೂ. 12 ಲಕ್ಷ. ಎರಡೂ ಸಮೀಕ್ಷೆಗಳ ವ್ಯಾಪ್ತಿ ಒಂದೇ ಅಲ್ಲವಾದರೂ ಅಂತರದ ಗಾತ್ರ ಕಣ್ಣಿಗೆ ಕಟ್ಟುತ್ತದೆ. ಹೊಲಕ್ಕೂ ಕೈಗಾರಿಕೆಗೂ ನಡುವೆ ಇರುವಷ್ಟೇ ದೊಡ್ಡ ಕಂದರ ಸಣ್ಣ ಘಟಕಕ್ಕೂ ದೊಡ್ಡ ಘಟಕಕ್ಕೂ ನಡುವೆ ಇದೆ. ಕಾರ್ಮಿಕ ಹೊಲದಿಂದ ಹೊರಟು ಕಂದರದ ಈಚೆಗೇ ನಿಂತುಬಿಟ್ಟರೆ ಚಲನೆಯ ಫಲ ಅಲ್ಪವಾಗುತ್ತದೆ.

ಈ ಕಂದರಕ್ಕೆ ನೀತಿಯೂ ಒಂದು ಕಾರಣವಾಗಿತ್ತು. ಒಂದು ಹಂತದಲ್ಲಿ 800ಕ್ಕೂ ಹೆಚ್ಚು ವಸ್ತುಗಳ ತಯಾರಿಕೆಯನ್ನು ಸಣ್ಣ ಕೈಗಾರಿಕೆಗಳಿಗೆ ಮೀಸಲಿಡಲಾಗಿತ್ತು. ಬೆಳೆದರೆ ಮೀಸಲಾತಿ ತಪ್ಪುವುದೆಂಬ ಕಾರಣದಿಂದ ಘಟಕಗಳು ಚಿಕ್ಕದಾಗಿಯೇ ಉಳಿದವು. ಹಂತಹಂತವಾಗಿ ಪಟ್ಟಿ ಕರಗಿ, ಉಳಿದಿದ್ದ 20 ವಸ್ತುಗಳ ಮೀಸಲಾತಿಯೂ 2015ರಲ್ಲಿ ರದ್ದಾಯಿತು. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ಮಿತಿಯನ್ನು ರೂ. 25 ಕೋಟಿ ಹೂಡಿಕೆ ಮತ್ತು ರೂ. 100 ಕೋಟಿ ವಹಿವಾಟಿಗೆ ಏರಿಸಲಾಗಿದೆ. ಕೆಲಸಗಾರರನ್ನು ಕೈಬಿಡಲು ಅಥವಾ ಘಟಕವನ್ನು ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕಾಗುವ ಮಿತಿ ಕಾರ್ಖಾನೆಗಳಿಗೆ 100 ಕಾರ್ಮಿಕರಿದ್ದದ್ದು, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 300ಕ್ಕೆ ಏರಿದೆ. ಬೆಳೆಯಬಯಸುವ ಘಟಕಕ್ಕೆ ಅಡ್ಡಿ ಕಡಿಮೆಯಾಗಿದೆ. ಕಾರ್ಮಿಕನ ದೃಷ್ಟಿಯಿಂದ ಕೆಲಸದ ಭದ್ರತೆ ಅಷ್ಟರಮಟ್ಟಿಗೆ ಸಡಿಲವಾಗಿದೆ ಎಂಬುದನ್ನೂ ಮರೆಯುವಂತಿಲ್ಲ.

ಚಲನೆಯ ಬೆಲೆ

ಕಾಗದದ ಮೇಲೆ ಹತ್ತು ಮಂದಿಯನ್ನು ಇಲ್ಲಿಂದ ಅಲ್ಲಿಗೆ ಸಾಗಿಸುವುದು ಸುಲಭ. ಮನುಷ್ಯರ ವಿಷಯದಲ್ಲಿ ಅದಕ್ಕೆ ಬೆಲೆಯಿದೆ. ಕೋಲಾರ ಚಿನ್ನದ ಗಣಿ ಇದಕ್ಕೆ ನಾಡಿನ ಕಣ್ಣೆದುರಿನ ಉದಾಹರಣೆ. ಅದಿರಿನಲ್ಲಿ ಚಿನ್ನದ ಅಂಶ ಕುಗ್ಗುತ್ತಾ, ಆಳ ಮೂರು ಕಿಲೋಮೀಟರಿಗೂ ಮಿಗಿಲಾಗಿ, ವೆಚ್ಚ ಹೊರಲಾರದೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೆಲದಾಳದಲ್ಲಿ ಕಲಿತ ಕಸುಬಿಗೆ ಸುತ್ತಮುತ್ತ ಬೇಡಿಕೆ ಇರಲಿಲ್ಲ. ಕಾಲೊನಿಯ ಮನೆಯನ್ನು ಬಿಟ್ಟು ಬೆಂಗಳೂರಿನ ಬಾಡಿಗೆ ತೆರಲು ಸಾಧ್ಯವಾಗದ ಕುಟುಂಬಗಳಿಂದ ಸಾವಿರಾರು ಮಂದಿ ಸುಮಾರು ನೂರು ಕಿಲೋಮೀಟರ್ ದೂರದ ನಗರಕ್ಕೆ ನಿತ್ಯವೂ ರೈಲಿನಲ್ಲಿ ಹೋಗಿ ಬರುತ್ತಿದ್ದಾರೆ. ಅವರು ಉದ್ಯಮ ಬದಲಿಸಿದ್ದಾರೆ, ನಿಜ. ದಿನಕ್ಕೆ ನಾಲ್ಕೈದು ಗಂಟೆಗಳ ಪ್ರಯಾಣವೆಂಬ ತೆರಿಗೆಯನ್ನೂ ತೆರುತ್ತಿದ್ದಾರೆ. ಉತ್ಪಾದಕತೆಯ ಯಾವ ಕೋಷ್ಟಕದಲ್ಲಿಯೂ ಆ ಗಂಟೆಗಳು ಕಾಣಿಸುವುದಿಲ್ಲ.

ಕೌಶಲವೂ ಜೊತೆಗೆ ಸಾಗುವ ಚಲನೆಯ ಫಲವೇ ಬೇರೆ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. ಮೊದಲಾದ ಸಾರ್ವಜನಿಕ ಉದ್ಯಮಗಳಲ್ಲಿ ಪಳಗಿದ ಅನೇಕ ತಂತ್ರಜ್ಞರು ಹೊರಬಂದು ರಾಜಾಜಿನಗರ, ಪೀಣ್ಯಗಳಲ್ಲಿ ಸ್ವಂತ ಯಂತ್ರಾಗಾರಗಳನ್ನು ತೆರೆದರು. ಅವರು ತಂದದ್ದು ಬಂಡವಾಳಕ್ಕಿಂತ ಹೆಚ್ಚಾಗಿ ಅಳತೆಯ ಶಿಸ್ತು ಮತ್ತು ಕೈಚಳಕ. ಒಂದು ಸಂಸ್ಥೆ ಕೊಟ್ಟ ತರಬೇತಿ ಹತ್ತಾರು ಘಟಕಗಳಿಗೆ ಹಂಚಿಹೋಯಿತು.

ಚಲನೆಯ ಬೆಲೆಯನ್ನು ತಗ್ಗಿಸುವ ಕೆಲವು ಕ್ರಮಗಳೂ ಆಗಿವೆ. ಭವಿಷ್ಯ ನಿಧಿಗೆ 2014ರಲ್ಲಿ ಬಂದ ಸಾರ್ವತ್ರಿಕ ಖಾತೆ ಸಂಖ್ಯೆಯಿಂದ, ಮಾಲೀಕ ಬದಲಾದರೂ ಕಾರ್ಮಿಕನ ಸಂಖ್ಯೆ ಬದಲಾಗುವುದಿಲ್ಲ. ಒಂದೇ ಪಡಿತರ ಚೀಟಿಯ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ವಿಸ್ತರಿಸಿದ್ದರಿಂದ, ವಲಸೆ ಬಂದವನು ಕೆಲಸದ ಊರಿನಲ್ಲಿಯೇ ಧಾನ್ಯ ಪಡೆಯಬಹುದು. ಕೈಗಾರಿಕಾ ಪ್ರದೇಶದ ಬಳಿ ಕಡಿಮೆ ಬಾಡಿಗೆಯ ವಸತಿ ಮಾತ್ರ ಇಂದಿಗೂ ದೊಡ್ಡ ಕೊರತೆ.

ಅಂಗಡಿಯ ಕೂಲಿ ಏಕೆ ಏರುತ್ತದೆ?

ವರ್ತಕರಿಗೆ ಸಂಬಂಧಿಸಿದ ಒಂದು ಅಂಶವನ್ನು ವಿಲಿಯಂ ಬೌಮೋಲ್ 1967ರಲ್ಲಿ ವಿವರಿಸಿದರು. ಕ್ಷೌರದಂಗಡಿಯಲ್ಲಿ ಒಬ್ಬರ ಕೂದಲು ಕತ್ತರಿಸಲು ಐವತ್ತು ವರ್ಷಗಳ ಹಿಂದೆ ಬೇಕಾದಷ್ಟೇ ಸಮಯ ಇಂದೂ ಬೇಕು. ಆದರೂ ದರ ಏರಿದೆ. ಕಾರಣವೆಂದರೆ, ಕಾರ್ಖಾನೆಯಲ್ಲಿ ಉತ್ಪಾದಕತೆ ಹೆಚ್ಚಿ ಕೂಲಿ ಏರಿದಾಗ ಇತರ ಕಡೆಯೂ ಕೂಲಿ ಏರಿಸದಿದ್ದರೆ ಕೆಲಸಗಾರ ನಿಲ್ಲುವುದಿಲ್ಲ. ಅಂಗಡಿಯ ಗುಮಾಸ್ತನ ಸಂಬಳ ನಿರ್ಧಾರವಾಗುವುದು ಆ ಅಂಗಡಿಯ ವ್ಯಾಪಾರದಿಂದ ಮಾತ್ರವಲ್ಲ. ಅವನು ಸೇರಬಹುದಾದ ಮತ್ತೊಂದು ಕೆಲಸದಿಂದಲೂ ಹೌದು. ಉತ್ಪಾದಕತೆ ಹೆಚ್ಚಲಾರದ ಕೆಲಸಗಳಲ್ಲಿ ಜನರ ಪಾಲು ಹೆಚ್ಚಿದಂತೆ ಒಟ್ಟು ಬೆಳವಣಿಗೆ ನಿಧಾನವಾಗುತ್ತದೆ ಎಂಬುದು ಬೌಮೋಲ್ ಅವರ ವಾದದ ಮುಂದಿನ ಹೆಜ್ಜೆ.

ಸಣ್ಣ ಘಟಕದ ಲೆಕ್ಕಪುಸ್ತಕದಲ್ಲಿ

ಈ ದೊಡ್ಡ ಲೆಕ್ಕವನ್ನು ಪ್ರತಿಯೊಬ್ಬ ಉದ್ಯಮಿಯೂ ತನ್ನ ಘಟಕಕ್ಕೆ ಹಚ್ಚಿ ನೋಡಬಹುದು. ಹನ್ನೆರಡು ಮಂದಿ ದುಡಿಯುವ ಘಟಕದ ವಾರ್ಷಿಕ ಮಾರಾಟ ರೂ. 120 ಲಕ್ಷ ಎನ್ನೋಣ. ಕಚ್ಚಾಮಾಲು, ವಿದ್ಯುತ್ತು, ಜಾಬ್‌ವರ್ಕ್ ಸೇರಿ ರೂ. 84 ಲಕ್ಷ ಕಳೆದರೆ ಉಳಿಯುವ ಮೌಲ್ಯವರ್ಧನೆ ರೂ. 36 ಲಕ್ಷ, ತಲಾ ರೂ. 3 ಲಕ್ಷ. ತಿಂಗಳಿಗೆ ರೂ. 15,000 ಕೂಲಿ ಕೊಟ್ಟರೆ ವರ್ಷಕ್ಕೆ ತಲಾ ರೂ. 1.80 ಲಕ್ಷ. ಅಂದರೆ ಗಂಟಿನ ಶೇ. 60 ಕೂಲಿಗೇ ಹೋಗುತ್ತದೆ. ನೆರೆಯ ಉದ್ಯಮ ರೂ. 20,000 ಕೊಡತೊಡಗಿದರೆ, ಅದಕ್ಕೆ ಸರಿಗಟ್ಟಲು ಶೇ. 80ನ್ನು ಕೂಲಿಗೆ ಕೊಡಬೇಕು. ಬಾಡಿಗೆ, ಬಡ್ಡಿ, ಸವಕಳಿ, ಲಾಭ ಎಲ್ಲಕ್ಕೂ ಉಳಿಯುವುದು ರೂ. 7.20 ಲಕ್ಷ ಮಾತ್ರ.

ಇಲ್ಲಿ ದಾರಿಗಳು ಎರಡೇ. ಕೂಲಿಯನ್ನು ಏರಿಸದೆ, ಬಿಟ್ಟುಹೋದವರ ಜಾಗಕ್ಕೆ ಪ್ರತಿವರ್ಷ ಹೊಸಬರನ್ನು ಕಲಿಸುತ್ತಾ ಸಾಗುವುದು ಒಂದು. ಹೊಸಬ ಕಲಿಯುವವರೆಗೆ ಹಾಳಾಗುವ ಮಾಲು, ಕಡಿಮೆಯಾಗುವ ಉತ್ಪಾದನೆ, ಹಿಂದಿರುಗಿ ಬರುವ ಸರಕು ಇವನ್ನು ಕೂಡಿಸಿದರೆ ಈ ದಾರಿ ತೋರುವಷ್ಟು ಅಗ್ಗವಲ್ಲ. ತಲಾ ಮೌಲ್ಯವನ್ನು ರೂ. 3 ಲಕ್ಷದಿಂದ ರೂ. 4 ಲಕ್ಷಕ್ಕೆ ಏರಿಸುವುದು ಇನ್ನೊಂದು. ಹೊಸ ಯಂತ್ರವೊಂದೇ ಇದಕ್ಕೆ ಉಪಾಯವಲ್ಲ. ಸಲಕರಣೆ ಹುಡುಕುವುದರಲ್ಲಿ ಕಳೆಯುವ ವೇಳೆ, ಕಚ್ಚಾಮಾಲಿಗಾಗಿ ಕಾಯುವ ವೇಳೆ, ತಿರಸ್ಕೃತ ಮಾಲಿನ ಪ್ರಮಾಣ ಇವನ್ನು ಬರೆದಿಟ್ಟು ತಗ್ಗಿಸುವುದರಿಂದಲೇ ಎಷ್ಟೋ ಘಟಕಗಳಲ್ಲಿ ಸುಧಾರಣೆ ಆರಂಭವಾಗುತ್ತದೆ.

ತರಬೇತಿಗೂ ಆಸರೆಯಿದೆ. ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇಂದು ರಾಜ್ಯದ ಹಲವು ಜಿಲ್ಲೆಗಳಲ್ಲಿ ಶಾಖೆಗಳನ್ನು ಹೊಂದಿದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಹೆಚ್ಚು ಕೆಲಸಗಾರರುಳ್ಳ ಸಂಸ್ಥೆಗಳು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಅದಕ್ಕಿಂತ ಚಿಕ್ಕ ಘಟಕಗಳಿಗೂ ಅವಕಾಶವಿದೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಉತ್ತೇಜನ ಯೋಜನೆಯಲ್ಲಿ ಶಿಷ್ಯವೇತನದ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಕಲಿಸಿದವನು ಬಿಟ್ಟುಹೋಗುವನೆಂಬ ಭಯ ಸಹಜ. ಒಂದೇ ಕೈಗಾರಿಕಾ ವಸಾಹತಿನ ಘಟಕಗಳು ಕೂಡಿ ತರಬೇತಿಯ ವೆಚ್ಚ ಹಂಚಿಕೊಂಡರೆ, ಒಬ್ಬರನ್ನು ಬಿಟ್ಟವನು ಮತ್ತೊಬ್ಬರ ಬಳಿ ಉಳಿಯುವನಾದ್ದರಿಂದ ನಷ್ಟದ ಭಾರ ಹಗುರವಾಗುತ್ತದೆ.

ಕಾರ್ಮಿಕರು ಉದ್ಯಮ ಬದಲಿಸುವುದನ್ನು ತಡೆಯುವುದು ಸಾಧ್ಯವೂ ಅಲ್ಲ, ದೇಶಕ್ಕೆ ಹಿತವೂ ಅಲ್ಲ. ಹೊಲದಿಂದ ಹೊರಡುವ ಯುವಕ ರೂ. 1.30 ಲಕ್ಷದ ಕೆಲಸಕ್ಕೆ ಹೋಗುವನೋ ರೂ. 4.80 ಲಕ್ಷದ ಕೆಲಸಕ್ಕೆ ಹೋಗುವನೋ ಎಂಬುದರ ಮೇಲೆ ಆ ಚಲನೆಯ ಫಲ ನಿಂತಿದೆ. ಅಂತಹ ಎರಡನೆಯ ಬಗೆಯ ಕೆಲಸಗಳನ್ನು ಹೆಚ್ಚು ಸಂಖ್ಯೆಯಲ್ಲಿ ಸೃಷ್ಟಿಸಬಲ್ಲವರು ಬೆಳೆಯುತ್ತಿರುವ ಸಣ್ಣ ಉದ್ಯಮಿಗಳೇ. ಈ ಆರ್ಥಿಕ ವರ್ಷದ ಲೆಕ್ಕ ಮುಗಿಸುವಾಗ ಲಾಭನಷ್ಟದ ತಖ್ತೆಯ ಪಕ್ಕದಲ್ಲಿ ತಲಾ ಮೌಲ್ಯವರ್ಧನೆಯ ಒಂದು ಸಾಲನ್ನೂ ಬರೆದಿಟ್ಟು, ಹಿಂದಿನ ವರ್ಷದ ಸಾಲಿನೊಡನೆ ಹೋಲಿಸಿ ನೋಡುವುದು ಆ ದಿಕ್ಕಿನ ಮೊದಲ ಕೆಲಸ.